ದೀಪ ಬರೆದರೆ ಸಾಲದು, ಹಚ್ಚಬೇಕು: ಬೆಳಕು ಜಾಗ ಬದಲಿಸಿದಾಗ ನೆರಳು ಬರೆಯುವ ಕ್ರಮ

ಮುಂಬಯಿಯ ಮಾಟುಂಗದಲ್ಲಿ ನೆಲೆಸಿರುವ ಉಡುಪಿ ಕಡೆಯ ಕುಟುಂಬವೊಂದು ಕೆಲವು ವರ್ಷಗಳ ಹಿಂದೆ ತೀರಿಕೊಂಡ ಯಜಮಾನರ ಭಾವಚಿತ್ರ ಬರೆದುಕೊಡಲು ನನ್ನನ್ನು ಕೇಳಿತು. ಅವರ ಬಳಿ ಇದ್ದದ್ದು ಒಂದೇ ಒಂದು ಹಳೆಯ ಸ್ಟುಡಿಯೋ ಫೋಟೊ. ಬೆಳಕು ಎಡಗಡೆಯ ಮೇಲಿನಿಂದ ಬಿದ್ದಿತ್ತು. "ಅಪ್ಪ ಬೆಳಗಿನ ಜಾವ ಎದ್ದು ದೇವರಿಗೆ ದೀಪ ಹಚ್ಚುತ್ತಿದ್ದರು, ಕೈಯಲ್ಲಿ ಒಂದು ಹಣತೆ ಇರಲಿ" ಎಂದು ಮಗ ಹೇಳಿದರು. ಮುಖವನ್ನು ಫೋಟೊದಲ್ಲಿದ್ದಂತೆಯೇ ಬರೆದೆ. ಎದೆಯ ಮಟ್ಟದಲ್ಲಿ ಹಣತೆ ಇಟ್ಟೆ, ಜ್ವಾಲೆಗೆ ಒಳ್ಳೆಯ ಹಳದಿ ಕೊಟ್ಟೆ, ಕೆನ್ನೆಗೆ ಒಂದಿಷ್ಟು ಕಿತ್ತಳೆ ಬಳಿದೆ. ಒಪ್ಪಿಸಿದ ದಿನ ಎಂಬತ್ತು ದಾಟಿದ ಆ ಮಗನ ತಾಯಿ ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ದೀಪ ಬರೆದಿದ್ದೀರಿ, ಹಚ್ಚಲಿಲ್ಲವಲ್ಲ?" ಎಂದರು.

ಆ ತಾಯಿ ಕಂಡದ್ದು ಸರಿ. ಮೂಗಿನ ಕೆಳಗೆ, ಗಲ್ಲದ ಕೆಳಗೆ, ಹುಬ್ಬಿನ ಅಡಿಯ ಗುಳಿಯಲ್ಲಿ ಫೋಟೊದ ನೆರಳು ಹಾಗೆಯೇ ಕೂತಿತ್ತು. ಎದೆಯ ಬಳಿ ನಿಜವಾಗಿ ಹಣತೆ ಉರಿಯುತ್ತಿದ್ದರೆ ಮೊದಲು ಬೆಳಗಬೇಕಾದ ಜಾಗಗಳೇ ಅವು. ನಾನು ಚಿತ್ರಕ್ಕೆ ದೀಪವನ್ನು ಸೇರಿಸಿದ್ದೆ, ಬೆಳಕನ್ನು ಬದಲಿಸಿರಲಿಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಚಿತ್ರ ಕಲಿಯಲು ಬರುವವರ ಕಾಗದದಲ್ಲಿಯೂ ಇದೇ ತಪ್ಪನ್ನು ಮತ್ತೆ ಮತ್ತೆ ಕಾಣುತ್ತೇನೆ. ಕಿಟಕಿ ಎಡದಿಂದ ಬಲಕ್ಕೆ ಬಂದರೆ ನೆರಳನ್ನೂ ಎತ್ತಿ ಇನ್ನೊಂದು ಬದಿಗೆ ಇಡುತ್ತಾರೆ. ನೆರಳು ಹಾಗೆ ಎತ್ತಿಡುವ ಸಾಮಾನಲ್ಲ. ಬೆಳಕಿನ ಮೂಲ ಬದಲಾದರೆ ಅದರ ದಿಕ್ಕು, ಎತ್ತರ, ದೂರ, ಗಾತ್ರ, ಬಣ್ಣ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಬದಲಾಗದೆ ಉಳಿಯುವುದು ವಸ್ತುವಿನ ಹೊರಗೆರೆ ಮತ್ತು ಅದರ ಸ್ವಂತ ಬಣ್ಣ, ಎರಡೇ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಒಂದೇ ವಸ್ತುವನ್ನು ನಾಲ್ಕು ಬೆಳಕಿನಲ್ಲಿ ಬರೆದು ನೋಡಬೇಕು. ಅದನ್ನು ಮಾಡುವ ಕ್ರಮ ಹೀಗಿದೆ.

ಒಂದು ಭರಣಿ, ನಾಲ್ಕು ಕಾಗದ

ಉಪ್ಪಿನಕಾಯಿಯ ಚೀನಿ ಮಣ್ಣಿನ ಭರಣಿ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ವಸ್ತು. ಮೇಲರ್ಧ ಕಂದು, ಕೆಳಗರ್ಧ ಬಿಳಿ, ಮೈಯೆಲ್ಲ ಹೊಳಪು, ಕುತ್ತಿಗೆಯಲ್ಲಿ ಒಂದು ತಗ್ಗು, ಹೆಗಲಲ್ಲಿ ಒಂದು ಉಬ್ಬು. ಕಲಿಯಬೇಕಾದದ್ದೆಲ್ಲ ಅದರಲ್ಲಿದೆ. ಭರಣಿ ಸಿಗದಿದ್ದರೆ ತಂಬಿಗೆಯಾದರೂ ಆದೀತು. ಮುಂಬಯಿಯಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ: ಚೌತಿಗೆ ಮುಂಚಿನ ತಿಂಗಳುಗಳಲ್ಲಿ ಲಾಲ್‌ಬಾಗ್, ಪರೇಲ್ ಕಡೆಯ ಕಾರ್ಖಾನೆಗಳಲ್ಲಿ ಇನ್ನೂ ಬಣ್ಣ ಕಾಣದ ಬಿಳಿ ಗಣಪತಿಗಳು ಸಾಲಾಗಿ ನಿಂತಿರುತ್ತವೆ. ನೆರಳು-ಬೆಳಕು ಓದಲು ಅವುಗಳಿಗಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. ಅನುಮತಿ ಕೇಳಿ ಒಂದು ಮೂಲೆಯಲ್ಲಿ ಕುಳಿತು ಸೊಂಡಿಲಿನ ತಿರುವನ್ನು ಬರೆದುಕೊಳ್ಳಿ.

ಭರಣಿಯನ್ನು ಮೇಜಿನ ಮೇಲಿಟ್ಟು ಅದರ ಬುಡದ ಸುತ್ತ ಪೆನ್ಸಿಲಿನಿಂದ ಗುರುತು ಮಾಡಿ. ನೀವು ಕೂರುವ ಸ್ಟೂಲಿನ ಕಾಲುಗಳಿಗೂ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಭರಣಿಯ ಹೊರಗೆರೆ, ಮೇಜಿನ ಅಂಚು, ಹಿಂದಿನ ಗೋಡೆಯ ಗೆರೆ ಇಷ್ಟನ್ನು ಒಮ್ಮೆ ಸರಿಯಾಗಿ ಬರೆದು ಟ್ರೇಸಿಂಗ್ ಕಾಗದದಿಂದ ನಾಲ್ಕು ಹಾಳೆಗೆ ಇಳಿಸಿಕೊಳ್ಳಿ. ಒಂದು ಹಾಳೆ ಬಿಸಿಲಿಗೆ, ಒಂದು ಕಿಟಕಿಯ ಬೆಳಕಿಗೆ, ಒಂದು ಟ್ಯೂಬ್‌ಲೈಟಿಗೆ, ಒಂದು ಹಣತೆಗೆ. ಬಿಸಿಲು ಒಳಗೆ ಬಾರದ ಮನೆಯಾದರೆ ಮೊದಲ ಹಾಳೆಯನ್ನು ತಾರಸಿಯಲ್ಲಿ ಮಾಡಿ.

ನಮ್ಮ ಊರಿನ ಮನೆಗಳಲ್ಲಿ ದೊಡ್ಡ ತೊಂದರೆಯೆಂದರೆ ಬೆಳಕು ಒಂದೇ ಕಡೆಯಿಂದ ಬರುವುದಿಲ್ಲ. ಅಡುಗೆಮನೆಯ ಬಲ್ಬು, ಮೊಗಸಾಲೆಯ ಟ್ಯೂಬು, ಎದುರು ಕಟ್ಟಡದ ಬಿಳಿ ಗೋಡೆ, ಎಲ್ಲವೂ ಒಂದೊಂದು ನೆರಳನ್ನು ಎಸೆಯುತ್ತವೆ. ಬೇಡದ್ದನ್ನು ಆರಿಸಿ, ಬಾಗಿಲು ಹಾಕಿ, ಕಿಟಕಿಗೆ ದಪ್ಪ ಹೊದಿಕೆ ಕಟ್ಟಿ. ಮೊದಲ ಸಲ ಒಂದೇ ಬೆಳಕು ಸಾಕು.

ಬೆಳಕಿನ ಮನೆ ಎಲ್ಲಿದೆ?

ಬಣ್ಣ ಮುಟ್ಟುವ ಮೊದಲು ಬೆಳಕು ಎಲ್ಲಿದೆ ಎಂಬುದನ್ನು ಹಾಳೆಯ ಮೇಲೆಯೇ ಗುರುತಿಸಬೇಕು. ಹಾಳೆಯ ಹೊರಗಿದ್ದರೆ ಪಕ್ಕದಲ್ಲಿ ಇನ್ನೊಂದು ಕಾಗದ ಅಂಟಿಸಿ ಅಲ್ಲಿ ಗುಣಾಕಾರದ ಗುರುತು ಹಾಕಿ. ಹಣತೆಗೆ ಎರಡು ಬಿಂದು ಬೇಕು. ಒಂದು ಜ್ವಾಲೆ. ಇನ್ನೊಂದು ಜ್ವಾಲೆಯಿಂದ ನೇರ ಕೆಳಗಿಳಿದ ಗೆರೆ ಮೇಜನ್ನು ಮುಟ್ಟುವ ಜಾಗ, ಅಂದರೆ ಬೆಳಕಿನ ಬುಡ. ಬೆಳಕಿನ ಬುಡದಿಂದ ಭರಣಿಯ ಬುಡದ ಮೂಲಕ ಒಂದು ಗೆರೆ ಎಳೆಯಿರಿ, ನೆರಳು ಚಾಚುವ ದಿಕ್ಕು ಅದು. ಜ್ವಾಲೆಯಿಂದ ಭರಣಿಯ ಬಾಯಿಯ ಮೂಲಕ ಇನ್ನೊಂದು ಗೆರೆ ಎಳೆಯಿರಿ. ಎರಡೂ ಸೇರುವಲ್ಲಿ ನೆರಳು ಮುಗಿಯುತ್ತದೆ. ಜ್ವಾಲೆ ಭರಣಿಯ ಬಾಯಿಗಿಂತ ಕೆಳಗಿದ್ದರೆ ಈ ಗೆರೆಗಳು ಸೇರುವುದೇ ಇಲ್ಲ, ನೆರಳು ಮೇಜನ್ನು ದಾಟಿ ಗೋಡೆ ಹತ್ತುತ್ತದೆ. ಹಣತೆಯಿಂದ ಭರಣಿಗೆ ಒಂದು ಮೊಳ, ಭರಣಿಯಿಂದ ಗೋಡೆಗೆ ಮತ್ತೊಂದು ಮೊಳ ಇದ್ದರೆ ಗೋಡೆಯ ಮೇಲಿನ ನೆರಳು ಭರಣಿಯ ಎರಡರಷ್ಟು ದೊಡ್ಡದು.

ಸೂರ್ಯನ ಲೆಕ್ಕ ಬೇರೆ. ಅವನು ಎಷ್ಟು ದೂರದಲ್ಲಿದ್ದಾನೆಂದರೆ ಕಿರಣಗಳೆಲ್ಲ ಸಮಾನಾಂತರವೆಂದೇ ಎಣಿಸಬಹುದು. ಮೇಜಿನ ಮೇಲೆ ಮೂರು ವಸ್ತು ಇಟ್ಟರೆ ಮೂರರ ನೆರಳೂ ಒಂದೇ ದಿಕ್ಕಿಗೆ ಬೀಳುತ್ತವೆ. ಹಣತೆಯ ಮುಂದೆ ಅವೇ ಮೂರು ವಸ್ತುಗಳ ನೆರಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ದೀಪದ ಚಿತ್ರದಲ್ಲಿ ನೆರಳುಗಳನ್ನು ಸಮಾನಾಂತರವಾಗಿ ಬರೆದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಎನ್ನಿಸುತ್ತದೆ.

ಬಿಸಿಲಿನ ನೆರಳಿನ ಉದ್ದ ಸೂರ್ಯನ ಎತ್ತರವನ್ನು ಅವಲಂಬಿಸಿದೆ. ಸೂರ್ಯ 45 ಡಿಗ್ರಿಯಲ್ಲಿದ್ದರೆ ನೆರಳು ವಸ್ತುವಿನಷ್ಟೇ ಉದ್ದ, 30 ಡಿಗ್ರಿಗೆ ಇಳಿದರೆ ಸುಮಾರು ಒಂದೂಮುಕ್ಕಾಲು ಪಟ್ಟು. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬಂದು ಭರಣಿಯ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಅದೇ ಭರಣಿಯ ನೆರಳು ಹತ್ತಿರಹತ್ತಿರ ಅದರ ಎತ್ತರದಷ್ಟೇ ಚಾಚಿಕೊಳ್ಳುತ್ತದೆ. ನೆನಪಿನಿಂದ ಬೀದಿಯ ಚಿತ್ರ ಬರೆಯುವವರು ಯಾವ ತಿಂಗಳ ಬೀದಿ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು.

ಮೊದಲು ಎರಡೇ ಭಾಗ

ಕಣ್ಣು ಅರೆಮುಚ್ಚಿ ನೋಡಿ. ಸಣ್ಣಪುಟ್ಟ ವಿವರಗಳು ಮಾಸಿ ಬೆಳಕು ಮುಟ್ಟಿದ ಭಾಗ, ಮುಟ್ಟದ ಭಾಗ ಎಂದು ಎರಡೇ ಉಳಿಯುತ್ತವೆ. ಅವುಗಳ ನಡುವಿನ ಗಡಿಯನ್ನು ಇದ್ದಿಲಿನಿಂದ ತೆಳುವಾಗಿ ಎಳೆಯಿರಿ. ಈ ಗಡಿ ಭರಣಿಯ ಮೇಲೆ ನೆಟ್ಟಗೆ ಇಳಿಯುವುದಿಲ್ಲ. ಹೊಟ್ಟೆಯ ಮೇಲೆ ಒಂದು ರೀತಿ ಬಾಗುತ್ತದೆ, ಹೆಗಲಿಗೆ ಬಂದಾಗ ಬೆಳಕಿನ ಕಡೆಗೋ ಅದರಾಚೆಗೋ ತಿರುಗುತ್ತದೆ, ಕುತ್ತಿಗೆಯ ತಗ್ಗಿನಲ್ಲಿ ಮಾಯವಾಗಿ ಅಂಚಿನ ದಪ್ಪದಲ್ಲಿ ಮತ್ತೆ ಕಾಣುತ್ತದೆ. ಪ್ರತಿ ತಿರುವಿನಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಜಾಗ ಯಾವ ಕಡೆಗೆ ಮುಖ ಮಾಡಿದೆ? ಬೆಳಕಿಗೆ ಮುಖ ಮಾಡಿದ್ದರೆ ಬೆಳಗುತ್ತದೆ, ಬೆನ್ನು ಹಾಕಿದ್ದರೆ ಕತ್ತಲು. ಬೆಳಕು ಬದಲಾದಾಗ ಈ ಪ್ರಶ್ನೆಯನ್ನು ಮೊದಲಿನಿಂದ ಕೇಳಬೇಕು. ಹಿಂದಿನ ಹಾಳೆಯನ್ನು ಆ ಹೊತ್ತಿನಲ್ಲಿ ನೋಡಲೇಬಾರದು.

ನೆರಳಿನ ಭಾಗಕ್ಕೆಲ್ಲ ಒಂದೇ ಟೋನ್, ಅಂದರೆ ಕಪ್ಪಿನ ಒಂದೇ ಮಟ್ಟ, ತುಂಬಿ. ಭರಣಿಯ ಮೈಯ ನೆರಳು, ಮೇಜಿನ ಮೇಲೆ ಬಿದ್ದ ನೆರಳು ಎರಡೂ ಸೇರಿ ಒಂದೇ ಆಕಾರವಾಗಲಿ.

ಇನ್ನು ಭರಣಿಯ ಎರಡು ಬಣ್ಣಗಳ ವಿಚಾರ. ಇದನ್ನು ಕಣ್ಣಾರೆ ಕಾಣದ ಹೊರತು ಯಾರೂ ನಂಬುವುದಿಲ್ಲ. ಬೂದು ರಟ್ಟಿನ ತುಂಡಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಎರಡು ತೂತು ಮಾಡಿ. ಒಂದು ಕಣ್ಣು ಮುಚ್ಚಿ ಒಂದು ತೂತಿನಲ್ಲಿ ಬೆಳಕಿನಲ್ಲಿರುವ ಕಂದು ಭಾಗ, ಇನ್ನೊಂದರಲ್ಲಿ ನೆರಳಿನಲ್ಲಿರುವ ಬಿಳಿ ಭಾಗ ಕಾಣುವಂತೆ ಹಿಡಿಯಿರಿ. ಬಿಳಿಗೆ 1, ಕಪ್ಪಿಗೆ 10 ಎಂದು ಅಂಕ ಕೊಡಿ. ಹಣತೆಯ ಬೆಳಕಿನಲ್ಲಿ ನಮ್ಮ ಭರಣಿಯ ಕಂದಿಗೆ 5 ಬಂತು, ಬಿಳಿಗೆ 7. ನೆರಳಿನಲ್ಲಿರುವ ಬಿಳಿ, ಬೆಳಕಿನಲ್ಲಿರುವ ಕಂದಿಗಿಂತ ಕಪ್ಪು! ಬಿಳಿ ಎಂದು ನಮಗೆ ಗೊತ್ತಿರುವುದರಿಂದ ಕೈ ಅದನ್ನು ಬಿಳಿಯಾಗಿಯೇ ಬರೆಯುತ್ತದೆ, ಬೆಳಕು ಸಾಯುವುದು ಅಲ್ಲೇ. ಕಿಟಕಿಯ ಬೆಳಕಿನಲ್ಲಿ ಈ ಅಂತರ ಹೀಗಿರುವುದಿಲ್ಲ, ಸುತ್ತಲಿನ ಗೋಡೆಗಳು ನೆರಳಿನೊಳಕ್ಕೆ ಬೆಳಕನ್ನು ಮರಳಿ ಎಸೆಯುತ್ತವೆ. ನಾಲ್ಕೂ ಹಾಳೆಯ ಅಂಚಿನಲ್ಲಿ ಈ ಅಂಕಗಳನ್ನು ಬರೆದಿಡಿ.

ಅಂಚು ಎಲ್ಲಿ ಹರಿತ, ಎಲ್ಲಿ ಮಸುಕು

ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಹರಿತ. ದೊಡ್ಡ ಕಿಟಕಿಯ ಮುಂದೆ ಅಂಚು ಕರಗಿ ಹೋಗುತ್ತದೆ. ಯಾವ ಬೆಳಕಾದರೂ ನೆರಳು ತನ್ನ ವಸ್ತುವಿನ ಬುಡದಲ್ಲಿ ಹರಿತವಾಗಿದ್ದು ದೂರ ಹೋದಂತೆ ಮಸುಕಾಗುತ್ತದೆ. ಬಿಸಿಲಿಗೂ ಇದು ಸಲ್ಲುತ್ತದೆ. ಆಕಾಶದಲ್ಲಿ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ ಇರುವುದರಿಂದ ವಸ್ತುವಿನಿಂದ ಒಂದು ಮೀಟರ್ ದೂರದಲ್ಲಿ ಬಿದ್ದ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗಿರುತ್ತದೆ. ಹತ್ತು ಮೀಟರ್ ಎತ್ತರದ ತೆಂಗಿನ ಗರಿಯ ನೆರಳು ಅಂಗಳದಲ್ಲಿ ಮೆತ್ತಗೆ ಕಾಣುವುದು ಇದಕ್ಕೇ.

ಟ್ಯೂಬ್‌ಲೈಟಿನ ನೆರಳು ಬಹಳ ಜನರನ್ನು ಗೊಂದಲಕ್ಕೆ ಕೆಡವುತ್ತದೆ. ಒಂದು ಪೆನ್ಸಿಲನ್ನು ಮೇಜಿನಿಂದ ಗೇಣು ಮೇಲೆ, ಟ್ಯೂಬಿಗೆ ಸಮಾನಾಂತರವಾಗಿ ಹಿಡಿಯಿರಿ. ಸ್ಪಷ್ಟವಾದ ನೆರಳು ಬೀಳುತ್ತದೆ. ಈಗ ಪೆನ್ಸಿಲನ್ನು ಅಡ್ಡಕ್ಕೆ ತಿರುಗಿಸಿ. ನೆರಳು ಹೆಚ್ಚುಕಡಿಮೆ ಕಾಣೆಯಾಗುತ್ತದೆ! ಟ್ಯೂಬು ಒಂದು ದಿಕ್ಕಿನಲ್ಲಿ ನಾಲ್ಕಡಿ ಉದ್ದ, ಇನ್ನೊಂದು ದಿಕ್ಕಿನಲ್ಲಿ ಒಂದೆರಡು ಬೆರಳಿನಷ್ಟೇ ದಪ್ಪ. ಆದ್ದರಿಂದ ಭರಣಿಯ ನೆರಳಿನಲ್ಲಿಯೂ ಟ್ಯೂಬಿನ ಉದ್ದಕ್ಕೆ ಹೊಂದಿದ ಅಂಚುಗಳು ಗಟ್ಟಿಯಾಗಿಯೂ ಅಡ್ಡ ಅಂಚುಗಳು ಮಸುಕಾಗಿಯೂ ಇರುತ್ತವೆ. ಜಲವರ್ಣದಲ್ಲಿ ಗಟ್ಟಿ ಅಂಚನ್ನು ಒಣ ಕಾಗದದ ಮೇಲೆ ಹಾಕಿ, ಮಸುಕು ಅಂಚನ್ನು ಬಣ್ಣ ಒಣಗುವ ಮೊದಲೇ ಶುದ್ಧ ನೀರಿನ ಕುಂಚದಿಂದ ಎಳೆದುಬಿಡಿ.

ಭರಣಿ ಮೇಜನ್ನು ಮುಟ್ಟುವ ಗೆರೆಯಲ್ಲಿ ಕೂದಲೆಳೆಯಷ್ಟು ಕಡುಗಪ್ಪು ಇರುತ್ತದೆ. ಅದನ್ನು ನಾಲ್ಕೂ ಹಾಳೆಯಲ್ಲಿ ಹಾಕಬೇಕು. ಅದಿಲ್ಲದಿದ್ದರೆ ಭರಣಿ ಮೇಜಿನ ಮೇಲೆ ಕೂರುವುದಿಲ್ಲ, ತೇಲುತ್ತದೆ.

ದೂರ ಹೋದಂತೆ ಬೆಳಕು ಸೊರಗುತ್ತದೆ

ಹಣತೆಯಂಥ ಸಣ್ಣ ಬೆಳಕಿನಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಮೇಜಿನ ಒಂದು ತುದಿ ಬೆಳಗುತ್ತಿರುವಾಗ ಇನ್ನೊಂದು ತುದಿ ಕತ್ತಲಲ್ಲಿ ಮುಳುಗಿರುತ್ತದೆ. ಬಿಸಿಲಿನಲ್ಲಿ ಹೀಗಾಗುವುದಿಲ್ಲ, ಮೇಜಿನ ಎರಡೂ ತುದಿಗೆ ಸೂರ್ಯ ಅಷ್ಟೇ ದೂರ. ದೀಪದ ಚಿತ್ರದ ಗೋಡೆಯನ್ನು ಮೂಲೆಯಿಂದ ಮೂಲೆಗೆ ಒಂದೇ ಬಣ್ಣದಲ್ಲಿ ತುಂಬುವುದು ನಾನು ಕಂಡ ಎರಡನೆಯ ದೊಡ್ಡ ತಪ್ಪು.

ನೆರಳಿಗೂ ಬಣ್ಣವಿದೆ

ಬೆಳಕು ಬೆಚ್ಚಗಿದ್ದರೆ ನೆರಳು ತಂಪು, ಬೆಳಕು ತಂಪಾಗಿದ್ದರೆ ನೆರಳು ಬೆಚ್ಚಗೆ ಎಂದು ಕಲಿಸುತ್ತಾರೆ. ಅನೇಕ ಸಲ ನಿಜ, ಆದರೆ ನಾನು ಇದನ್ನು ನಿಯಮವಾಗಿ ಹೇಳಿಕೊಡುವುದಿಲ್ಲ. ಮುಖ್ಯ ಬೆಳಕು ತಲುಪದ ಜಾಗಕ್ಕೆ ಇನ್ನಾವುದೋ ಎರಡನೆಯ ಬೆಳಕು ತಲುಪುತ್ತಿರುತ್ತದೆ. ನೆರಳಿನ ಬಣ್ಣ ಆ ಎರಡನೆಯ ಬೆಳಕಿನದು. ಬಿಸಿಲಿನ ನೆರಳು ನೀಲಿಯಾಗಿ ಕಾಣುವುದು ಅಲ್ಲಿ ನೀಲಿ ಆಕಾಶವೇ ಎರಡನೆಯ ದೀಪವಾದ್ದರಿಂದ. ಕೆಂಪು ನೆಲದ ಮೇಲಿಟ್ಟ ಬಿಳಿ ಭರಣಿಯ ನೆರಳಿನ ಬದಿ ಕೆಳಗಿನಿಂದ ಕೆಂಪಾಗುತ್ತದೆ.

ಇದನ್ನು ನನಗೆ ಕಲಿಸಿದ್ದು ಒಂದು ತಾಡಪತ್ರಿ. ಮಳೆಗಾಲಕ್ಕೆ ಮುನ್ನ ಎದುರು ಕಟ್ಟಡದವರು ಸೋರುವ ತಾರಸಿಗೆ ನೀಲಿ ತಾಡಪತ್ರಿ ಹೊದಿಸಿ ಅದರ ಒಂದು ತುದಿಯನ್ನು ನಮ್ಮ ಕಿಟಕಿಯ ಎದುರಿಗೇ ಇಳಿಬಿಟ್ಟಿದ್ದರು. ಮೇ ತಿಂಗಳಲ್ಲಿ ಅರ್ಧ ಬರೆದಿಟ್ಟಿದ್ದ ಭರಣಿಯ ಚಿತ್ರವನ್ನು ಜೂನಿನಲ್ಲಿ ಮುಂದುವರಿಸಲು ಕುಳಿತೆ. ಕಿಟಕಿ ಅದೇ, ಹೊತ್ತು ಅದೇ, ಬಣ್ಣ ಮಾತ್ರ ಏನು ಮಾಡಿದರೂ ಕೂಡಿಬರಲಿಲ್ಲ. ಬಿಳಿ ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆಯೊಂದು ಮೂಡಿತ್ತು, ಹೊಳಪಿನ ಕಂದಿನಲ್ಲಿ ತಾಡಪತ್ರಿಯ ಮಡಿಕೆಗಳೂ ಕಾಣುತ್ತಿದ್ದವು. ಆ ಹಾಳೆಯನ್ನು ಎತ್ತಿಟ್ಟು ಹೊಸದಾಗಿ ಪ್ರಾರಂಭಿಸಿದೆ. ಬೆಳಕಿನ ಜಾಗ ಬದಲಾಗದೆ ಬಣ್ಣವಷ್ಟೇ ಬದಲಾದರೂ ಅದು ಬೇರೆಯೇ ಚಿತ್ರ.

ಬಲ್ಬುಗಳ ಪೆಟ್ಟಿಗೆಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಬಣ್ಣವನ್ನು ಬರೆದಿರುತ್ತಾರೆ. 2700 ಎಂದಿದ್ದರೆ ಹಳದಿ ಬೆಳಕು, 6500 ಎಂದಿದ್ದರೆ ನೀಲಿಗೆ ವಾಲುವ ಬಿಳಿ. ಮೇಣದ ಬತ್ತಿ, ಹಣತೆಗಳು 2000ದ ಆಸುಪಾಸಿನವು, ಬಲ್ಬಿಗಿಂತಲೂ ಕೆಂಪು. ಒಂದು ಎಚ್ಚರಿಕೆ: ಭರಣಿಗೆ ಹಣತೆಯ ಬೆಳಕು ಬೀಳಲಿ, ನಿಮ್ಮ ಬಣ್ಣದ ತಟ್ಟೆಗೆ ಮಾತ್ರ ಬಿಳಿ ಬೆಳಕು ಬೇಕು. ಹಳದಿ ಬೆಳಕಿನಲ್ಲಿ ಹಳದಿ ಬಣ್ಣ ಪೇಲವವಾಗಿ ಕಾಣುವುದರಿಂದ ಕೈ ಇನ್ನಷ್ಟು ಹಳದಿ ಬೆರೆಸುತ್ತದೆ, ಬೆಳಗ್ಗೆ ಎದ್ದು ನೋಡಿದರೆ ಚಿತ್ರಕ್ಕೆ ಅರಿಸಿನ ಬಳಿದಂತಿರುತ್ತದೆ. ತಟ್ಟೆಯ ಮೇಲಷ್ಟೇ ಬೀಳುವಂತೆ ಚಿಕ್ಕ ಬಲ್ಬನ್ನು ರಟ್ಟಿನಿಂದ ಮರೆಮಾಡಿ ಇಟ್ಟುಕೊಳ್ಳಿ.

ದೀಪದ ಚಿತ್ರಕ್ಕೆ ನಾನು ಬಳಸುವ ಬಣ್ಣಗಳು ಕಡಿಮೆ. ಬೆಳಗಿದ ಭಾಗಕ್ಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅದು ಮಬ್ಬಾಗುವಲ್ಲಿ ಬರ್ಂಟ್ ಸಿಯೆನ್ನಾ (ಕೆಂಪುಗಂದು), ಕಡುನೆರಳಿಗೆ ಬರ್ಂಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ನೀಲಿಯ ಮಿಶ್ರಣ. ಕರಿ ಬಣ್ಣದ ಟ್ಯೂಬನ್ನು ತೆರೆಯುವುದಿಲ್ಲ, ಅದು ನೆರಳನ್ನು ಮಸಿ ಮಾಡುತ್ತದೆ.

ಮುಖಕ್ಕೆ ಕೆಳಗಿನಿಂದ ಬೆಳಕು

ಭರಣಿಯ ನಾಲ್ಕು ಹಾಳೆ ಮುಗಿದ ಮೇಲೆ ಮುಖಕ್ಕೆ ಬನ್ನಿ. ಫೋಟೊದಲ್ಲಿ ಮೇಲಿನ ಬೆಳಕಿದ್ದು ಚಿತ್ರದಲ್ಲಿ ಕೆಳಗಿನ ದೀಪ ಬೇಕಾದಾಗ ಊಹೆಯನ್ನು ನಂಬಬೇಡಿ. ಮನೆಯಲ್ಲಿ ಯಾರನ್ನಾದರೂ ಕತ್ತಲ ಕೋಣೆಯಲ್ಲಿ ಕೂರಿಸಿ, ಎದೆಯ ಮಟ್ಟದಲ್ಲಿ ಮೊಬೈಲ್ ಟಾರ್ಚ್ ಹಿಡಿಸಿ ನೋಡಿ. ಗಲ್ಲದ ಅಡಿ, ಕೆಳತುಟಿಯ ಕೆಳಗಿನ ತಗ್ಗಿನ ಮೇಲಂಚು, ಮೂಗಿನ ಹೊಳ್ಳೆಗಳ ಸುತ್ತು, ಹುಬ್ಬಿನ ಅಡಿ ಬೆಳಗುತ್ತವೆ. ಮೂಗಿನ ನೆರಳು ಮೇಲಕ್ಕೆ, ಹುಬ್ಬುಗಳ ನಡುವಿಗೆ ಚಾಚುತ್ತದೆ. ಕೆನ್ನೆಯ ಮೂಳೆಯ ಮೇಲ್ಭಾಗ ಕತ್ತಲಾಗುತ್ತದೆ, ಹಣೆ ಮೇಲೇರಿದಂತೆ ಮಾಸುತ್ತದೆ. ಕಣ್ಣಿನ ಹೊಳಪುಚುಕ್ಕಿ ಕರಿಗುಡ್ಡೆಯ ಮೇಲ್ಭಾಗದಿಂದ ಕೆಳಭಾಗಕ್ಕೆ ಇಳಿಯುತ್ತದೆ. ನಾನು ಮರೆತ ಆ ಒಂದು ಚುಕ್ಕಿಯೇ ಮಾಟುಂಗದ ಚಿತ್ರದಲ್ಲಿ ಎಲ್ಲರಿಗಿಂತ ಮೊದಲು ಸುಳ್ಳು ಹೇಳುತ್ತಿತ್ತು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ಅದನ್ನು ರವಿವರ್ಮನದೆಂದು ಹೇಳುವವರು ಇಂದಿಗೂ ಇದ್ದಾರೆ. ಬರೆದವರು ಮುಂಬಯಿಯಲ್ಲಿ ಬಾಳಿದ ಎಸ್. ಎಲ್. ಹಳದಣಕರ್, 1940ರ ದಶಕದ ನಡುವಿನಲ್ಲಿ, ತಮ್ಮ ಮಗಳನ್ನೇ ಮಾದರಿಯಾಗಿ ನಿಲ್ಲಿಸಿಕೊಂಡು, ಅದೂ ಜಲವರ್ಣದಲ್ಲಿ. ಜಲವರ್ಣವೆಂದರೆ ಬಿಳಿ ಕಾಗದಕ್ಕಿಂತ ಬೆಳ್ಳಗಿನದು ಕೈಯಲ್ಲಿಲ್ಲ ಎಂದರ್ಥ. ಮುಂದಿನ ಸಲ ಹೋದಾಗ ಜ್ವಾಲೆಗೆ ಮರೆಯಾದ ಕೈಯನ್ನು ನೋಡಿ. ಬೆಳಕು ಬೆರಳುಗಳ ಮೇಲೆ ಬಿದ್ದು ನಿಲ್ಲದೆ ಒಳಗೆ ಹಾಯ್ದು ಬಂದಿದೆ, ಬೆರಳಂಚುಗಳು ಕೆಂಡದಂತೆ ಕೆಂಪು. ಟಾರ್ಚಿಗೆ ನಿಮ್ಮ ಅಂಗೈ ಅಡ್ಡ ಹಿಡಿದರೆ ಅದೇ ಕೆಂಪು ಕಾಣುತ್ತದೆ. ಕಿವಿಯ ಹಾಲೆ, ಹೂವಿನ ದಳ, ತೆಳು ಸೀರೆಯ ಸೆರಗು ಇವನ್ನೂ ಹೀಗೆಯೇ ಬರೆಯಬೇಕು: ಬೆಳಕು ಹಿಂದಿದ್ದರೆ ಅವುಗಳಿಗೆ ನೆರಳಿಲ್ಲ, ಒಳಬೆಳಕಿದೆ.

ಜ್ವಾಲೆ ಉರಿಯುವಂತೆ ಕಾಣಬೇಕಾದರೆ ಜ್ವಾಲೆಯನ್ನು ತಿದ್ದುತ್ತ ಕೂರಬೇಡಿ. ಅದಕ್ಕೆ ಕಾಗದದ ಬಿಳಿಯನ್ನೇ ಉಳಿಸಿ, ಉಳಿದದ್ದೆಲ್ಲವನ್ನೂ ನಮ್ಮ ಹತ್ತರ ಲೆಕ್ಕದಲ್ಲಿ ಎರಡು ಅಂಕ ಕಪ್ಪಿನ ಕಡೆಗೆ ಇಳಿಸಿ. ಬಿಳಿ ಪಂಚೆಯೂ 3ಕ್ಕಿಂತ ಬೆಳ್ಳಗೆ ಇರಬಾರದು. ಇದಕ್ಕೆ ಧೈರ್ಯ ಬೇಕು, ಚೆನ್ನಾಗಿ ಬಂದ ಹಣೆಯನ್ನು ಕತ್ತಲಿಗೆ ಒಪ್ಪಿಸಬೇಕಾಗುತ್ತದೆ.

ಹೊರಗೆ, ಓಡುವ ಬೆಳಕಿನಲ್ಲಿ

ಹೊರಾಂಗಣದಲ್ಲಿ ಬೆಳಕನ್ನು ನೀವು ಬದಲಿಸಬೇಕಿಲ್ಲ, ಅದೇ ಬದಲಾಗುತ್ತದೆ, ಗಂಟೆಗೆ 15 ಡಿಗ್ರಿಯಂತೆ. ಮುಂಬಯಿಯ ವಾಲ್ಕೇಶ್ವರದ ಬಾಣಗಂಗೆ ಕೊಳದ ಮೆಟ್ಟಿಲುಗಳಲ್ಲಿ ಕುಳಿತರೆ ಇದು ಚೆನ್ನಾಗಿ ತಿಳಿಯುತ್ತದೆ. ಮೆಟ್ಟಿಲಿನ ಮೇಲೆ ಬಿದ್ದ ನೆರಳು ನೇರವಾಗಿ ಇರದೆ ಪ್ರತಿ ಮೆಟ್ಟಿಲಿಗೂ ಮುರಿದು ಇಳಿಯುತ್ತದೆ, ಅರ್ಧ ಗಂಟೆಯಲ್ಲಿ ಒಂದು ಮೆಟ್ಟಿಲನ್ನೇ ಬಿಟ್ಟುಹೋಗಿರುತ್ತದೆ. ಆದ್ದರಿಂದ ಮೊದಲ ಹತ್ತು ನಿಮಿಷದಲ್ಲಿ ನೆರಳುಗಳ ಆಕಾರವನ್ನೆಲ್ಲ ಒಂದೇ ವಾಷ್‌ನಲ್ಲಿ (ನೀರು ಬೆರೆಸಿದ ತೆಳು ಬಣ್ಣದ ಲೇಪನದಲ್ಲಿ) ಹಾಕಿ, ಹಾಳೆಯ ಹಿಂದೆ ಗಂಟೆ ಬರೆಯಿರಿ. ಆಮೇಲೆ ಸೂರ್ಯ ಎಲ್ಲಿಗೆ ಹೋದರೂ ಆ ಆಕಾರಗಳನ್ನು ಮುಟ್ಟಬೇಡಿ. ಗೋಪುರವನ್ನು ಎಂಟು ಗಂಟೆಯ ಬೆಳಕಿನಲ್ಲಿ, ಮೆಟ್ಟಿಲನ್ನು ಹತ್ತರ ಬೆಳಕಿನಲ್ಲಿ ಬರೆದ ಚಿತ್ರಕ್ಕೆ ಹೊತ್ತೇ ಇರುವುದಿಲ್ಲ. ಮುಗಿಯದಿದ್ದರೆ ಮರುದಿನ ಅದೇ ಗಂಟೆಗೆ ಹೋಗಿ.

ಕೊನೆಗೆ ಹೊಳಪು, ಆಮೇಲೆ ಗೋಡೆ

ಹೊಳಪಿನ ಚುಕ್ಕಿಯನ್ನು ಎಲ್ಲ ಮುಗಿದ ಮೇಲೆ ಇಡಿ. ಭರಣಿಯ ಮೈ ಒಂದು ಬಾಗಿದ ಕನ್ನಡಿ, ಅದರ ಹೊಳಪು ಬೆಳಕಿನ ಮೂಲದ ಪುಟ್ಟ ಚಿತ್ರ. ಕಿಟಕಿಯಾದರೆ ಸರಳುಗಳ ಸಮೇತ ಬಾಗಿದ ಚೌಕ, ಟ್ಯೂಬಾದರೆ ಉದ್ದನೆಯ ಬಿಳಿ ಗೀರು, ಹಣತೆಯಾದರೆ ಅಕ್ಕಿಕಾಳಿನಷ್ಟು ಜ್ವಾಲೆ. ನೀವು ತಲೆ ಆಡಿಸಿದರೆ ಹೊಳಪೂ ಸರಿಯುತ್ತದೆ, ಮೈಯ ನೆರಳಿನ ಗಡಿ ಸರಿಯುವುದಿಲ್ಲ. ಸ್ಟೂಲಿಗೆ ಗುರುತು ಹಾಕಲು ಹೇಳಿದ್ದು ಇದಕ್ಕಾಗಿ.

ಚಿತ್ರ ಯಾರ ಮನೆಗೆ ಹೋಗುತ್ತದೋ ಅವರನ್ನು ಯಾವ ಗೋಡೆಗೆ ತೂಗುಹಾಕುತ್ತೀರಿ ಎಂದು ಮೊದಲೇ ಕೇಳಿ. ಮಾಟುಂಗದ ಆ ಭಾವಚಿತ್ರವನ್ನು ಇಡೀ ಮುಖ ಸಹಿತ ಮತ್ತೆ ಬರೆದೆ, ಮೂರು ವಾರ ಹಿಡಿಯಿತು. ಈ ಬಾರಿ ಮೊದಲು ಅವರ ದೇವರ ಕೋಣೆಗೆ ಹೋಗಿ ನೋಡಿದೆ. ಚಿತ್ರ ತೂಗುವ ಮೊಳೆಯ ಬಲಗಡೆ ಕೆಳಗೆ ನಂದಾದೀಪ ಉರಿಯುತ್ತಿತ್ತು. ಹಣತೆಯನ್ನು ಯಜಮಾನರ ಎಡಗೈಗೆ, ಅಂದರೆ ನೋಡುವವರ ಬಲಕ್ಕೆ, ಬದಲಾಯಿಸಿದೆ. ಗೋಡೆಯ ದೀಪ, ಚಿತ್ರದ ದೀಪ ಎರಡೂ ಈಗ ಒಂದೇ ಕಡೆಯಿಂದ ಆ ಮುಖವನ್ನು ಬೆಳಗುತ್ತಿವೆ.